ಒಂದು ಬೆರಳಿಗಾಗಿ ಬರೆದ ಪ್ರೋಗ್ರಾಮ್

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಅಪರೂಪಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಸೆಂಬ್ಲಿ ಭಾಷೆ ಕಲಿತರೆ ಈ ಕಾಲದಲ್ಲಿ ಏನು ಪ್ರಯೋಜನ ಎಂದು ಕೇಳುತ್ತಾರೆ. ಏನೂ ಇಲ್ಲ ಎಂದು ನಾನು ಹೇಳಿಬಿಟ್ಟರೆ ಸಾಕು ಎಂಬ ಆಸೆ ಕೇಳುವಾಗಲೇ ಅವರ ಮುಖದಲ್ಲಿ ಕಾಣುತ್ತದೆ. ಪ್ರಯೋಜನದ ಲೆಕ್ಕ ನನಗೆ ಗೊತ್ತಿಲ್ಲ. ಸರ್ವಿಸಿನಲ್ಲಿದ್ದಾಗ ಬರೆದ ಪ್ರೋಗ್ರಾಮ್‌ಗಳೆಲ್ಲ ತಮ್ಮ ತಮ್ಮ ಯಂತ್ರಗಳ ಜೊತೆಗೇ ಗುಜರಿಗೆ ಹೋದವು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಒಂದನ್ನು ಬರೆದೆ. ಅದರ ವಿಷಯ ಹೇಳುತ್ತೇನೆ. ಕಲಿಯಬೇಕೋ ಬೇಡವೋ ನೀವೇ ತೀರ್ಮಾನಿಸಿ.

ನಾನು ದುಡಿದದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಳ್ಳಿಯ ಡೈರಿಗಳಿಗೆ ಹಾಲಿನ ಫ್ಯಾಟ್ ತೋರಿಸುವ ಯಂತ್ರ, ರೇಷ್ಮೆಗೂಡಿನ ಮಾರುಕಟ್ಟೆಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ, ಇಂಥವನ್ನು ಮಾಡುತ್ತಿದ್ದೆವು. ಪ್ರತಿ ಯಂತ್ರದ ಹೊಟ್ಟೆಯಲ್ಲೂ ಒಂದು ಪ್ರೊಸೆಸರ್ ಇರುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ತೀರ ಸಣ್ಣ ಕೆಲಸಗಳು. ಈ ಡಬ್ಬಿಯ ಸಂಖ್ಯೆಯನ್ನು ಆ ಡಬ್ಬಿಗೆ ಹಾಕು, ಒಂದು ಕೂಡಿಸು, ಸೊನ್ನೆಯಾಯಿತೇ ನೋಡು, ಆಗಿದ್ದರೆ ಅಲ್ಲಿಗೆ ಹೋಗು. ಇವನ್ನೇ ಒಂದರ ಕೆಳಗೊಂದು ಬರೆದು ಯಂತ್ರದಿಂದ ಕೆಲಸ ತೆಗೆಯುವುದು ಅಸೆಂಬ್ಲಿ. ಮೊದಮೊದಲು ಬರೆಯುವುದಕ್ಕೆ ನಮ್ಮ ಹತ್ತಿರ ಕಂಪ್ಯೂಟರ್ ಕೂಡ ಇರಲಿಲ್ಲ. ಹಾಳೆಯ ಮೇಲೆ ಬರೆದು, ಪ್ರತಿ ಸಾಲನ್ನೂ ಕೈಯಲ್ಲೇ ಸಂಖ್ಯೆಗೆ ತಿರುಗಿಸಿ, ಒಂದೊಂದೇ ಕೀಲಿ ಒತ್ತಿ ತುಂಬುತ್ತಿದ್ದೆವು.

ನನಗೆ ಇದನ್ನು ಕಲಿಸಿದವರು ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಕೃಷ್ಣಾರೆಡ್ಡಿಯವರು. ಚಿಂತಾಮಣಿಯ ಕಡೆಯವರು. ನಾನು ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟರೆ ಬೆರಳಿಟ್ಟುಕೊಂಡು ಓದುತ್ತ ಹೋಗುವರು. ಎಲ್ಲೋ ಒಂದು ಸಾಲಿನಲ್ಲಿ ಬೆರಳು ನಿಲ್ಲುವುದು. "ಇದು ಯಾಕಿದೆ?" ಎನ್ನುವರು. ಉತ್ತರ ಇದ್ದರೆ ಬೆರಳು ಮುಂದಕ್ಕೆ ಹೋಗುವುದು. ಇಲ್ಲದಿದ್ದರೆ ಹಾಳೆ ನನ್ನ ಕಡೆಗೆ ವಾಪಸು ಬರುವುದು. ಚೆನ್ನಾಗಿದೆ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಅವರಿಂದ ಪಾಠ ಕಲಿತ ಒಂದು ಪ್ರಸಂಗವನ್ನು ಹೇಳಲೇಬೇಕು. ಪೆರೇಸಂದ್ರದ ಕಡೆಯ ಒಂದು ಡೈರಿಯ ಯಂತ್ರ ದಿನ ಕಳೆದಂತೆ ಹುಚ್ಚುಹುಚ್ಚಾಗಿ ಆಡತೊಡಗಿತ್ತು. ಒಳ್ಳೆಯ ಎಮ್ಮೆ ಹಾಲಿಗೆ ನೀರಿನ ಲೆಕ್ಕ ತೋರಿಸುವುದು, ಒಮ್ಮೊಮ್ಮೆ ಅಂಕಿಯ ಬದಲು ಬರೀ ಗೀಟು. ಹೊಸ ಚಿಪ್ ಹಾಕಿ ಬಂದರೆ ಸ್ವಲ್ಪ ದಿನ ಸರಿ, ಆಮೇಲೆ ಅದೇ ಕಥೆ. ನಾನು ಪ್ರೋಗ್ರಾಮನ್ನು ಮೇಲಿಂದ ಕೆಳಕ್ಕೆ ಜಾಲಾಡಿದ್ದೆ. ರೆಡ್ಡಿಯವರು ನನ್ನನ್ನು ಕರೆದುಕೊಂಡು ಬೆಳಗಿನ ಹಾಲು ಹಾಕುವ ಹೊತ್ತಿಗೆ ಅಲ್ಲಿಗೆ ಹೋದರು.

"ಹಾಳೆ ಒಳಗಿಡಮ್ಮ. ಮೊದ್ಲು ಮಿಷಿನ್ ಎಲ್ಲಿ ಕೂತಿದೆ ನೋಡು" ಎಂದರು.

ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಬಿಸಿಯಾಗುತ್ತದೆಂದು ಸೊಸೈಟಿಯವರು ಮೇಲಿನ ಮುಚ್ಚಳ ತೆಗೆದಿಟ್ಟಿದ್ದರು. ಆ ಕಾಲದ ಚಿಪ್‌ಗಳಿಗೆ ನೆತ್ತಿಯಲ್ಲಿ ಗಾಜಿನ ಪುಟ್ಟ ಕಿಟಕಿ ಇರುತ್ತಿತ್ತು. ಅದರ ಮೂಲಕ ವಿಶೇಷ ದೀಪದ ಬೆಳಕು ಹಾಯಿಸಿದರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುವುದು. ಆದ್ದರಿಂದಲೇ ಮೇಲೆ ಕಾಗದ ಅಂಟಿಸುತ್ತಿದ್ದೆವು. ಇಲ್ಲಿ ಅಂಟು ಒಣಗಿ ಕಾಗದ ಉದುರಿತ್ತು. ಸೂರ್ಯ ಮೇಲೇರಿದಂತೆ ಬಿಸಿಲು ನೆಟ್ಟಗೆ ಬಂದು ಆ ಗಾಜಿನ ಮೇಲೆ ಕೂತಿತು. ದಿನವೂ ಸ್ವಲ್ಪ ಸ್ವಲ್ಪ ಬಿಸಿಲು ನನ್ನ ಪ್ರೋಗ್ರಾಮನ್ನು ಅಳಿಸುತ್ತಿತ್ತು. ರೆಡ್ಡಿಯವರು ಮುಚ್ಚಳ ಹಾಕಿದರು. ಯಂತ್ರ ಇರುವ ಜಾಗಕ್ಕೆ ಹೋಗಿ ನಿಲ್ಲದೆ ರಿಪೇರಿಯ ಮಾತಾಡಬೇಡಿ ಎಂದು ನಿಮಗೆ ಹೇಳುವುದು ಇದಕ್ಕೇ.

ಅವರು ನಿವೃತ್ತರಾಗಿ ಚಿಂತಾಮಣಿಗೆ ಹೋದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಹೊಸಬರು ಸಿ ಭಾಷೆಯಲ್ಲಿ ಬರೆಯತೊಡಗಿದರು. ನಾನು ವಾರಗಟ್ಟಲೆ ತಿಣುಕುತ್ತಿದ್ದನ್ನು ಅವರು ಮಧ್ಯಾಹ್ನದ ಊಟದೊಳಗೆ ಮುಗಿಸುವರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಚೆನ್ನಾಗಿಯೇ ಬರೆಯುತ್ತಿದ್ದರು. ನನಗೆ ಯಂತ್ರಗಳ ಜೊತೆ ಕೊಡುವ ಕೈಪಿಡಿಗಳ ಅಚ್ಚಿನ ತಪ್ಪು ತಿದ್ದುವ ಕೆಲಸ ಕೊಟ್ಟರು. ಗೌರವಕ್ಕೆ ಕಮ್ಮಿ ಇರಲಿಲ್ಲ. ಎಲ್ಲರೂ "ಮೇಡಂ" ಎನ್ನುತ್ತಿದ್ದರು. ಆದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಸಾಲಿನ ಮೇಲೆ ಬೆರಳಿಟ್ಟು ಇದು ಯಾಕಿದೆ ಎನ್ನುವವರು ಇಲ್ಲದಿದ್ದರೆ ಹೇಗಿರುತ್ತದೆಂದು ಆಗ ತಿಳಿಯಿತು.

ನಿವೃತ್ತಿಯ ನಂತರ ಚಿಕ್ಕಬಳ್ಳಾಪುರಕ್ಕೆ ಬಂದೆ. ಆಗಿನ್ನೂ ಅದು ಕೋಲಾರ ಜಿಲ್ಲೆಯಲ್ಲಿತ್ತು. ನನ್ನಪ್ಪ ಅಲ್ಲಿ ಮೇಷ್ಟರಾಗಿದ್ದವರು. ಬೌದ್ಧ ಧರ್ಮಕ್ಕೆ ಸೇರಿದಾಗ ನನ್ನ ಹಳೆಯ ಹೆಸರು ತೆಗೆದು ಸುಜಾತ ಎಂದಿಟ್ಟರು, ಓದಿಸಿದರು, ಡಿಪ್ಲೊಮಾ ಮಾಡಿಸಿದರು. ನಾನು ಮದುವೆಯಾಗಲಿಲ್ಲ. ಊರು ನನ್ನದೇ ಆದರೂ ಗುರುತಿನವರು ಉಳಿದಿರಲಿಲ್ಲ. ಬೆಳಿಗ್ಗೆ ಹಾಲಿನವನ ಜೊತೆ ಎರಡು ಮಾತು, ಸಂಜೆ ಸೊಪ್ಪಿನವಳ ಜೊತೆ ನಾಲ್ಕು ಮಾತು. ನಡುವೆ ರೇಡಿಯೋ. ಮಧ್ಯಾಹ್ನ ಎನ್ನುವುದು ಇಷ್ಟು ಉದ್ದ ಇರುತ್ತದೆಂದು ದುಡಿಯುವಾಗ ಗೊತ್ತಿರಲಿಲ್ಲ.

ಒಂದು ದಿನ ಬಿ.ಬಿ. ರಸ್ತೆಯಲ್ಲಿ ಇಮ್ತಿಯಾಜ್ ಎಂಬವರ ಕಂಪ್ಯೂಟರ್ ಅಂಗಡಿಗೆ ಹೋದೆ. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಸೆಟ್ ಒಂದಿತ್ತು. ಅದೇ ಸಾಕು ಎಂದೆ.

"ಯಾರಮ್ಮ ಯೂಸ್ ಮಾಡೋದು, ಮೊಮ್ಮಕ್ಕಳಾ?" ಎಂದು ಇಮ್ತಿಯಾಜ್ ಕೇಳಿದರು.

"ನಾನೇಪ್ಪ."

"ಏನಕ್ಕೆ?"

"ಅಸೆಂಬ್ಲಿ ಮಾಡಕ್ಕೆ."

"ಅಸೆಂಬಲ್ ಮಾಡೋದು ನಾವಮ್ಮ. ನೀವು ಮನೆಗೆ ತಗೊಂಡೋಗಿ ಆನ್ ಮಾಡಿದ್ರೆ ಆಯ್ತು."

ಬಿಡಿಸಿ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಅಂಥದ್ದು ಮಾಡೋರು ಈ ಊರಲ್ಲಿ ಯಾರೂ ಇಲ್ಲ ಬಿಡಿ" ಎಂದು ತಾವೇ ಆಟೋದಲ್ಲಿ ತಂದು ಜೋಡಿಸಿಕೊಟ್ಟು ಹೋದರು.

ಕಪ್ಪು ಪರದೆಯ, ಡಾಸ್ ಎಂಬ ಹಳೆಯ ವ್ಯವಸ್ಥೆ ಅದರಲ್ಲಿತ್ತು. ಅದರೊಳಗೇ ಅಸೆಂಬ್ಲಿ ಬರೆದು ನೋಡುವ ಚಿಕ್ಕ ಸಲಕರಣೆಯೂ ಇತ್ತು. ಮೊದಲ ದಿನ ಪರದೆಯ ಮೇಲೆ ಒಂದೇ ಒಂದು ಅಕ್ಷರ ಮೂಡಿಸಬೇಕೆಂದು ಕೂತೆ. ನನಗೆ ಅಭ್ಯಾಸವಿದ್ದದ್ದು ಬೇರೆ ಪ್ರೊಸೆಸರ್. ಇಲ್ಲಿ ಡಬ್ಬಿಗಳ ಹೆಸರು ಬೇರೆ, ಅಳತೆ ಬೇರೆ. ಹಳೆಯ ಹೆಸರುಗಳೇ ಬೆರಳಿಗೆ ಬರುತ್ತಿದ್ದವು, ಯಂತ್ರ ಪ್ರತಿ ಸಾಲಿಗೂ ತಪ್ಪೆನ್ನುತ್ತಿತ್ತು. ಕೊನೆಗೆ ಸಾಲುಗಳನ್ನೆಲ್ಲ ಒಪ್ಪಿಕೊಂಡಿತು. ಓಡಿಸಿದೆ. ಅಕ್ಷರ ಮೂಡಿತು, ಜೊತೆಗೇ ಕಂಪ್ಯೂಟರ್ ಮರಗಟ್ಟಿ ನಿಂತಿತು. ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಹೇಳುವ ಸಾಲನ್ನೇ ಬರೆದಿರಲಿಲ್ಲ. ಹಾಗೆ ಹೇಳದಿದ್ದರೆ ಪ್ರೊಸೆಸರ್ ಮುಂದಿರುವ ಕಸವನ್ನೂ ಅಪ್ಪಣೆಯೆಂದು ಓದುತ್ತ ಹೋಗುತ್ತದೆ. ಮೊದಲ ವಾರ ಕಲಿಯುವ ಪಾಠ ಅದು. ಆರಿಸಿ, ಮತ್ತೆ ಹಚ್ಚಿ, ಎಲ್ಲವನ್ನೂ ಮತ್ತೆ ಬರೆದೆ. ಅಕ್ಷರ ಮೂಡಿತು, ಯಂತ್ರ ನೆಟ್ಟಗೆ ನನ್ನ ಮುಂದಿನ ಮಾತಿಗೆ ಕಾದು ನಿಂತಿತು.

ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬಿದಂತಾಯಿತು. ಯಾರಿಗಾದರೂ ತೋರಿಸೋಣವೆಂದು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದೆ. ಹಿಂದೆ ಗೋಡೆ, ಅಪ್ಪ ತಂದ ಬುದ್ಧನ ಪಟ, ಒಣಗಲು ಹರವಿದ ಸೀರೆ. ಅಷ್ಟೇ.

ಆಮೇಲೆ ಗಡಿಯಾರ ತೋರಿಸುವುದು, ಸಂಖ್ಯೆಗಳನ್ನು ಜೋಡಿಸುವುದು ಎಂದು ಕೆಲವು ಬರೆದೆ. ಕರೆಂಟ್ ಹೋದರೆ ಬರೆದದ್ದೂ ಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಆದರೆ ಬೇಕಾದವರು ಯಾರೂ ಇಲ್ಲದ ಪ್ರೋಗ್ರಾಮನ್ನು ಎಷ್ಟು ದಿನ ಬರೆಯುವುದು? ಕೊನೆಗೆ ಕಂಪ್ಯೂಟರಿನ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿದೆ. ವಾರಗಟ್ಟಲೆ ಅದನ್ನು ತೆಗೆಯಲಿಲ್ಲ.

ಹಾಗಿದ್ದಾಗ ರೆಡ್ಡಿಯವರ ಹೆಂಡತಿ ಲಲಿತಮ್ಮನವರ ಫೋನು ಬಂತು. ಕಾರ್ಖಾನೆಯ ಪೂಜೆಗಳಲ್ಲಿ ಅವರನ್ನು ನೋಡಿದ್ದೆ, ಅಷ್ಟೇ ಪರಿಚಯ.

"ಸುಜಾತಮ್ಮ, ಅವ್ರಿಗೆ ಮಾತು ನಿಂತೋಗಿದೆ. ಕೈಕಾಲೂ ಆಡಲ್ಲ. ನೋಡಕ್ಕೆ ಬಂದೋರೆಲ್ಲ ಅತ್ತು ಹೋಗ್ತಾರೆ. ಫ್ಯಾಕ್ಟರಿಯೋರು ಒಬ್ರಾದ್ರೂ ಬಂದ್ರೆ ಅವ್ರಿಗೆ ಸಂತೋಷ ಆಗ್ಬಹುದು. ಏಂ ಚೇಸೇದಮ್ಮ, ನಂಗೇನೂ ತೋಚ್ತಿಲ್ಲ."

ಮರುದಿನವೇ ಹೊರಟೆ. ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು. ಅಲ್ಲಿ ನಿಂತಾಗ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನೂ ರೆಡ್ಡಿಯವರೂ ತಕ್ಕಡಿ ಕೂರಿಸಲು ಅಲ್ಲಿಗೆ ಎಷ್ಟು ಸಲ ಬಂದಿದ್ದೆವೋ. ವಾಸನೆ ಹಾಗೇ ಇತ್ತು.

ಚಿಂತಾಮಣಿಯ ಮನೆಯಲ್ಲಿ ಅವರನ್ನು ದಿಂಬುಗಳ ಆಸರೆಯಲ್ಲಿ ಕೂರಿಸಿದ್ದರು. ಮೆದುಳಿನಿಂದ ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಔಷಧಿ ಇಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನಾನು ಕೂತ ಅಷ್ಟು ಹೊತ್ತಿನಲ್ಲೇ ಇಬ್ಬರು ನೆಂಟರು ಬಂದು ಕಿವುಡರ ಜೊತೆ ಮಾತಾಡುವಂತೆ ಕೂಗಿ, ಮಗುವನ್ನು ರಮಿಸುವಂತೆ ರಮಿಸಿ ಹೋದರು. ರೆಡ್ಡಿಯವರು ಕಣ್ಣು ಮುಚ್ಚಿಕೊಂಡರು. ನಾನು ಮನೆಗೆ ಕಂಪ್ಯೂಟರ್ ತಂದದ್ದನ್ನೂ ಮರಳುವ ಸಾಲನ್ನು ಮರೆತದ್ದನ್ನೂ ಹೇಳಿದೆ. ಅವರು ಕಣ್ಣು ತೆರೆದರು. ಎಡಗೈಯ ತೋರುಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಅಲ್ಲಾಡಿತು.

"ಅದೊಂದು ಬೆರಳು ಆಡುತ್ತಾ?" ಎಂದು ಕೇಳಿದೆ.

"ಅದೊಂದೇ" ಎಂದರು ಲಲಿತಮ್ಮ.

ಮಕ್ಕಳ ಅಕ್ಷರಮಾಲೆಯ ಪಟ ಹಿಡಿದು, ಒಂದೊಂದೇ ಅಕ್ಷರ ತೋರಿಸಿ, ಕಣ್ಣು ಮಿಟುಕಿಸಿದರೆ ಗುರುತಿಸಿಕೊಳ್ಳುವ ಪ್ರಯತ್ನವನ್ನು ಲಲಿತಮ್ಮ ಮಾಡಿದ್ದರಂತೆ. ಪಟ ಹಿಡಿದ ಇವರ ಕೈ ಸೋಲುತ್ತಿತ್ತು, ರೆಡ್ಡಿಯವರಿಗೆ ಸಿಟ್ಟು ಬರುತ್ತಿತ್ತು. ಬಿಟ್ಟುಬಿಟ್ಟರು. ಹಿಂದಿರುಗುವ ಬಸ್ಸಿನಲ್ಲಿ ನಾನು ಆ ಬೆರಳಿನ ಬಗ್ಗೆಯೇ ಯೋಚಿಸುತ್ತ ಬಂದೆ. ಪ್ರೊಸೆಸರಿಗೆ ಗೊತ್ತಾಗುವುದೂ ಎರಡೇ, ಇದೆ ಅಥವಾ ಇಲ್ಲ. ಒಂದು ಬೆರಳು ಸಾಕು.

ಮನೆಗೆ ಬಂದು ದುಪ್ಪಟಿ ತೆಗೆದೆ.

ಯೋಚನೆ ಸರಳವಾಗಿತ್ತು. ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಇರುತ್ತವೆ. ಒಂದೊಂದೇ ಸಾಲು ತಾನಾಗಿ ಬೆಳಗುತ್ತ ಹೋಗುತ್ತದೆ. ಬೇಕಾದ ಸಾಲು ಬೆಳಗಿದಾಗ ಗುಂಡಿ ಒತ್ತಬೇಕು. ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಮತ್ತೆ ಒತ್ತಿದರೆ ಆ ಅಕ್ಷರ ಕೆಳಗೆ ಬಂದು ಕೂರುತ್ತದೆ. ಇಂಥವು ಪರದೇಶದಲ್ಲಿ ಇದ್ದವೆಂದು ಆಮೇಲೆ ಕೇಳಿದೆ. ಆಗ ನನಗೆ ಗೊತ್ತಿರಲಿಲ್ಲ. ಬೇರೆ ಭಾಷೆಯಲ್ಲಿ ಇದಕ್ಕಿಂತ ಬೇಗ ಬರೆಯಬಹುದಾಗಿತ್ತು ಎಂಬುದೂ ನಿಜ. ನನಗೆ ಬರುತ್ತಿದ್ದ ಭಾಷೆ ಅದೊಂದೇ.

ಕಷ್ಟವಾದದ್ದು ಕನ್ನಡ. ಆ ಹಳೆಯ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಗಣಿತದ ಚೌಕಳಿ ಹಾಳೆ ತಂದು, ಪ್ರತಿ ಅಕ್ಷರವನ್ನೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿದೆ. ತುಂಬಿದ ಚೌಕ ಒಂದು, ಖಾಲಿ ಚೌಕ ಸೊನ್ನೆ. ರಂಗೋಲಿ ಹಾಕಲು ಬಾರದ ನಾನು ‘ಅ’ದಿಂದ ‘ಳ’ದವರೆಗೆ ಹಾಕಿದೆ. ‘ಣ’ ಮತ್ತು ‘ಐ’ ಬಹಳ ಸತಾಯಿಸಿದವು. ಕಾಗುಣಿತ ಕೂಡಿಸುವುದು ಹೇಗೆಂದು ಹೊಳೆಯಲಿಲ್ಲ. ‘ಕ’ ಆದ ಮೇಲೆ ‘ಆ’ ಪಕ್ಕದಲ್ಲೇ ಬಂದು ಕೂರುತ್ತಿತ್ತು, ‘ಕಾ’ ಎಂದು ಓದುವವರೇ ಕೂಡಿಸಿಕೊಳ್ಳಬೇಕು. ಒತ್ತಕ್ಷರವಂತೂ ಇಲ್ಲವೇ ಇಲ್ಲ. ಪ್ರಿಂಟರ್ ಸಿಕ್ಕಿಸುವ ಜಾಗದಿಂದ ಎರಡು ತಂತಿ ಎಳೆದು, ಮುಟ್ಟಿದರೆ ಒತ್ತಿಕೊಳ್ಳುವಂಥ ಸಣ್ಣ ಸ್ವಿಚ್ಚನ್ನು ಬೆಸುಗೆ ಹಾಕಿದೆ.

ಇಮ್ತಿಯಾಜ್‌ಗೆ ವಿಷಯ ಹೇಳಿದೆ. ಅವರು ಅಂಗಡಿಯಲ್ಲಿದ್ದ, ನನ್ನದಕ್ಕಿಂತ ಹೊಸದಾದ ಒಂದು ಸೆಟ್ಟನ್ನು ಚಿಂತಾಮಣಿಗೆ ತಾವೇ ಕಾರಿನಲ್ಲಿ ಸಾಗಿಸಿದರು. ರೆಡ್ಡಿಯವರ ಮುಂದೆ ಇಟ್ಟು, ಸ್ವಿಚ್ಚನ್ನು ಬೆರಳಿನ ಕೆಳಗೆ ಅಂಟಿಸಿ, ಪ್ರೋಗ್ರಾಮ್ ತುಂಬಿದ ಫ್ಲಾಪಿ ಹಾಕಿ ಓಡಿಸಿದೆ. ಪರದೆಯ ಸಾಲುಗಳು ಮಿಂಚಿನಂತೆ ಹಾರಿಹೋದವು. ಯಾವುದು ಬೆಳಗಿತು, ಯಾವುದು ಆರಿತು, ಏನೂ ಕಾಣಲಿಲ್ಲ. ಸಾಲು ನಿಲ್ಲುವ ಹೊತ್ತನ್ನು ಪ್ರೊಸೆಸರ್ ಸುಮ್ಮನೆ ಎಣಿಸಿ ಎಣಿಸಿ ಕಳೆಯುವಂತೆ ಬರೆದಿದ್ದೆ. ನನ್ನ ಮನೆಯ ನಿಧಾನದ ಯಂತ್ರದಲ್ಲಿ ಅದು ಸರಿಯಾಗಿತ್ತು. ಈ ಯಂತ್ರ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಬಿಸಾಡಿತು. ಎಣಿಕೆಯಿಂದ ಹೊತ್ತು ಅಳೆಯಬೇಡ, ಗಡಿಯಾರದಿಂದ ಅಳೆ ಎಂದು ನನಗೆ ಹೇಳಿಕೊಟ್ಟಿದ್ದವರ ಎದುರಿಗೇ ಹೀಗಾಯಿತು.

ತಲೆ ಎತ್ತಿ ನೋಡಿದೆ. ರೆಡ್ಡಿಯವರ ಭುಜ ಅಲುಗುತ್ತಿತ್ತು. ಉಸಿರು ಕಟ್ಟಿತೇನೋ ಎಂದು ಇಮ್ತಿಯಾಜ್ ಗಾಬರಿಯಾದರು.

"ಇಲ್ಲ, ನಗ್ತಿದ್ದಾರೆ" ಎಂದರು ಲಲಿತಮ್ಮ. "ಕಾಯಿಲೆ ಬಂದ್ಮೇಲೆ ಇದೇ ಮೊದ್ಲು."

ತಿದ್ದಿಕೊಂಡು ಮುಂದಿನ ವಾರ ಹೋದೆ. ಈ ಸಲ ಸಾಲುಗಳು ನಿಂತು ನಿಂತು ಹೋದವು. ರೆಡ್ಡಿಯವರು ಬಹಳ ಹೊತ್ತು ನೋಡಿದರು. ಬೆರಳು ಆಡಿತು. ‘ಬ’ ಬಂತು. ‘ಇ’ ಬಂತು. ತಪ್ಪಿತು, ಮತ್ತೆ ಹುಡುಕಿದರು. ನಾನೂ ಲಲಿತಮ್ಮನೂ ಪರದೆಯ ಹತ್ತಿರಕ್ಕೆ ಬಾಗಿದೆವು. ಕೊನೆಗೆ ಪರದೆಯ ಕೆಳಗೆ ‘ಬಇಸಇ ಕಆಫಇ’ ಎಂದು ಮೂಡಿತು.

"ಬಿಸಿ ಕಾಫಿ" ಎಂದು ಓದಿದೆ.

ಲಲಿತಮ್ಮ ಬಾಯಿಗೆ ಸೆರಗಿಟ್ಟುಕೊಂಡರು. ಗಂಟಲು ಸುಟ್ಟೀತೆಂದು ತಿಂಗಳುಗಳಿಂದ ಅವರು ಕಾಫಿಯನ್ನು ಪೂರ್ತಿ ಆರಿಸಿ ಚಮಚದಲ್ಲಿ ಕುಡಿಸುತ್ತಿದ್ದರು. ಅವರು ಸರಸರನೆ ಒಳಗೆ ಹೋದರು. ಆಗ ರೆಡ್ಡಿಯವರ ಬೆರಳು ಮತ್ತೆ ಆಡತೊಡಗಿತು. ನನ್ನ ಕಡೆ ನೋಡಿ ಬರೆದದ್ದು ಇಷ್ಟು: ಮೇಲಿನ ಖಾಲಿ ಸಾಲು ಯಾಕಿದೆ?

ಅಲಂಕಾರಕ್ಕೆಂದು ಮೇಲೊಂದು ಖಾಲಿ ಸಾಲು ಬಿಟ್ಟಿದ್ದೆ. ಅದೂ ಬೆಳಗುತ್ತಿತ್ತು, ಪ್ರತಿ ಸುತ್ತಿನಲ್ಲೂ ಅವರ ಹೊತ್ತು ತಿನ್ನುತ್ತಿತ್ತು. "ತೆಗೀತೀನಿ ಸಾರ್" ಎಂದೆ.

ಅಲ್ಲಿಂದ ಮುಂದಿನ ತಿಂಗಳುಗಳನ್ನು ನನ್ನ ಸರ್ವಿಸಿನ ಒಳ್ಳೆಯ ದಿನಗಳೆಂದೇ ಹೇಳಬೇಕು, ಸರ್ವಿಸ್ ಮುಗಿದಿತ್ತು ಅಷ್ಟೇ. ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಾಗುಣಿತ ಕೂಡಿಸುವ ಉಪಾಯವನ್ನು ಅವರೇ ಹೇಳಿಕೊಟ್ಟರು. ಪ್ರತಿ ಅಕ್ಷರದ ತಲೆಯನ್ನೂ ಒಡಲನ್ನೂ ಬೇರೆಬೇರೆ ಇಟ್ಟುಕೊಂಡು, ಸ್ವರ ಬಂದಾಗ ತಲೆಯನ್ನು ಮಾತ್ರ ಬದಲಿಸು ಎಂದು. ಅಷ್ಟನ್ನು ಹೇಳಲು ಅವರಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಮುಂದಿನ ವಾರ ಮಾಡಿ ತೋರಿಸಿದಾಗ ಏನೂ ಬರೆಯಲಿಲ್ಲ. ಅಂದರೆ ಸರಿಯಾಗಿದೆ ಎಂದರ್ಥ. ಪಕ್ಕದಲ್ಲಿ ಲಲಿತಮ್ಮ ಹುರಳಿಕಾಯಿ ಬಿಡಿಸುತ್ತ ನಮ್ಮಿಬ್ಬರನ್ನೂ ನೋಡುತ್ತ ಕೂತಿರುತ್ತಿದ್ದರು. ಅವರಿಗೆ ಏನನ್ನಿಸುತ್ತಿತ್ತೆಂದು ನಾನು ಆಗ ಯೋಚಿಸಲಿಲ್ಲ.

ಬೇಸಿಗೆಯ ಹೊತ್ತಿಗೆ ರೆಡ್ಡಿಯವರ ಉಸಿರಾಟ ಕೆಟ್ಟಿತು. ನಾನು ಹೋದ ದಿನ ಅವರ ತಮ್ಮ ಶ್ರೀನಿವಾಸ ಡಾಕ್ಟರನ್ನು ಕರೆದುಕೊಂಡು ಬಂದಿದ್ದರು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ, ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರ ಹಾಕಿಸುವುದೆಂದು ಮಾತಾಗಿತ್ತು. ಅದನ್ನು ಹಾಕಿದರೆ ಆಮೇಲೆ ತೆಗೆಯುವಂತಿಲ್ಲ ಎಂದು ಡಾಕ್ಟರು ಶ್ರೀನಿವಾಸರಿಗೆ ಬಿಡಿಸಿ ಹೇಳುತ್ತಿದ್ದರು. ಮಾತೆಲ್ಲ ಮಂಚದ ಈ ಕಡೆಯಿಂದ ಆ ಕಡೆಗೆ ನಡೆಯುತ್ತಿತ್ತು. ಮಂಚದ ಮೇಲಿದ್ದವರನ್ನು ಯಾರೂ ಕೇಳಲಿಲ್ಲ.

"ಅವರನ್ನೇ ಕೇಳಬಹುದಲ್ಲ" ಎಂದೆ ನಾನು.

ಡಾಕ್ಟರು ನನ್ನನ್ನೂ ಪರದೆಯನ್ನೂ ನೋಡಿದರು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಹೇಳಿದ್ದನ್ನೆಲ್ಲ ರೆಡ್ಡಿಯವರಿಗೆ ಮೊದಲಿನಿಂದ ಹೇಳಿದರು. ಯಂತ್ರ ಹಾಕಿದರೆ ಏನು, ಹಾಕದಿದ್ದರೆ ಏನು, ಎರಡನ್ನೂ ಮುಚ್ಚುಮರೆಯಿಲ್ಲದೆ. ಹೇಳಿ ಕಾದರು. ಸಾಲುಗಳು ಬೆಳಗುತ್ತ ಹೋದವು. ಮನೆಯಲ್ಲಿ ಅವರು ಆಡುತ್ತಿದ್ದದ್ದು ತೆಲುಗು. ಆ ದಿನ ಬರೆದದ್ದೂ ತೆಲುಗೇ, ಕನ್ನಡದ ಅಕ್ಷರಗಳಲ್ಲಿ. ಒತ್ತಕ್ಷರ ಇಲ್ಲದ್ದರಿಂದ ಅದು ‘ವದದು’ ಎಂದು ಮೂಡಿತು. ವದ್ದು, ಬೇಡ. ಆಮೇಲೆ ‘ಇಕಕಡೇ’. ಇಕ್ಕಡೇ, ಇಲ್ಲೇ.

ಶ್ರೀನಿವಾಸ, "ಅಣ್ಣ, ಸರಿಯಾಗಿ ಯೋಚ್ನೆ ಮಾಡಿ ಹೇಳು" ಎಂದರು. ರೆಡ್ಡಿಯವರು ಎರಡು ಮಾತನ್ನೂ ಮತ್ತೊಮ್ಮೆ ಬರೆದರು.

ಡಾಕ್ಟರು ಒಪ್ಪಿಕೊಂಡು ಹೋದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಲಲಿತಮ್ಮ ಹೊರಗೆ ಬಂದರು. ದನಿ ಏರಿಸಲಿಲ್ಲ.

"ನಿಮ್ಮ ಆ ಕಂಪ್ಯೂಟರ್ ಇಲ್ದಿದ್ರೆ ಇಷ್ಟೊತ್ತಿಗೆ ಅವ್ರನ್ನ ಆಸ್ಪತ್ರೆಗೆ ಸೇರಿಸಿರ್ತಿದ್ವಿ. ಇನ್ನಷ್ಟು ದಿನ ಬದುಕ್ತಿದ್ರು. ನೀವು ತಂದುಕೊಟ್ಟಿದ್ದು ಇದಕ್ಕೇನಮ್ಮ?"

ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಕಾಯಿಲೆಯ ಬಗ್ಗೆ, ಅವರ ಹಕ್ಕಿನ ಬಗ್ಗೆ ಹೇಳಬಹುದಾದ ಮಾತುಗಳು ಬಸ್ಸು ಶಿಡ್ಲಘಟ್ಟ ದಾಟಿದ ಮೇಲೆ ಹೊಳೆದವು. ಅವನ್ನು ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಆಮೇಲೆ ಫೋನು ಬರಲಿಲ್ಲ. ನಾನಾಗಿ ಹೋಗಲು ಮನಸ್ಸು ಬರಲಿಲ್ಲ. ಒತ್ತಕ್ಷರಕ್ಕೊಂದು ದಾರಿ ಹುಡುಕಿ ಬರೆದೆ, ಕೆಲಸವೂ ಮಾಡಿತು, ಆದರೆ ಅದನ್ನು ಯಾರ ಮುಂದಿಡುವುದು? ಪ್ರೋಗ್ರಾಮ್ ಸರಿಯಿತ್ತು, ಸ್ವಿಚ್ ಸರಿಯಿತ್ತು, ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿದ್ದರು. ಎಲ್ಲ ಸರಿಯಿದ್ದೂ ಒಬ್ಬ ಹೆಂಗಸಿನ ಮನೆಯಲ್ಲಿ ನಾನು ಏನು ಮಾಡಿ ಬಂದೆ ಎಂದು ಕೂತಲ್ಲಿ ನಿಂತಲ್ಲಿ ಕಾಡುತ್ತಿತ್ತು. ಇದನ್ನು ಹೇಳಿಕೊಳ್ಳಲೂ ನನಗೆ ಇದ್ದದ್ದು ರೆಡ್ಡಿಯವರೊಬ್ಬರೇ. ಮಾತು ನಿಂತವರು.

ಮಳೆ ಹಿಡಿಯುವ ಮುಂಚೆ ರೆಡ್ಡಿಯವರು ಮನೆಯಲ್ಲೇ ತೀರಿಕೊಂಡರು. ಶ್ರೀನಿವಾಸ ಫೋನು ಮಾಡಿ ತಿಳಿಸಿದರು. ಹೋಗಿ ದೂರದಲ್ಲಿ ನಿಂತು ನೋಡಿ ಬಂದೆ. ಲಲಿತಮ್ಮನವರ ಸುತ್ತ ಜನರಿದ್ದರು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಲಲಿತಮ್ಮ, ಒಬ್ಬರೇ, ಕೈಯಲ್ಲಿ ಬುಟ್ಟಿ ಹಿಡಿದುಕೊಂಡು. ಒಳಗೆ ಕರೆದೆ. ನೀರು ಕುಡಿದು ಸ್ವಲ್ಪ ಹೊತ್ತು ಮನೆಯನ್ನು ನೋಡುತ್ತ ಕೂತರು.

"ಒಬ್ರೇ ಇರ್ತೀರಾ?"

"ಹೂಂ."

"ಅವತ್ತು ನಾನು ಅಂದಿದ್ದು ನೀವು ಮನಸ್ಸಲ್ಲಿ ಇಟ್ಕೊಂಡಿರ್ತೀರಿ."

ನಾನು ಖಾಲಿ ಲೋಟ ಎತ್ತಿಟ್ಟೆ.

"ಒಂದು ಹೇಳ್ತೀನಿ ಕೇಳಿ. ನೀವು ಬರೋದು ನಿಲ್ಸಿದ್ಮೇಲೆ ಅವ್ರು ದಿನಾ ಮಧ್ಯಾಹ್ನ ನನ್ನ ಜೊತೆ ಮಾತಾಡಕ್ಕೆ ಶುರು ಮಾಡಿದ್ರು. ಮದ್ವೆ ಆದಾಗಿಂದ ಅವ್ರ ಮಾತೆಲ್ಲ ಫ್ಯಾಕ್ಟರೀಲೇ ಮುಗಿದು ಹೋಗ್ತಿತ್ತು. ಮನೆಗೆ ಬಂದ್ರೆ ಪೇಪರ್ ಓದೋರು, ಊಟ ಮಾಡೋರು, ಮಲಗೋರು. ಚಿಕ್ಕೋರಿದ್ದಾಗ ಕೈವಾರದ ಬೆಟ್ಟ ಹತ್ತಿ ದಾರಿ ತಪ್ಪಿದ್ದು, ಅವ್ರಮ್ಮ ಹೋದಾಗ ಮೂರು ದಿನ ಯಾರ ಜೊತೇನೂ ಮಾತಾಡ್ದೆ ಇದ್ದಿದ್ದು, ಎಲ್ಲಾ ನಂಗೆ ಗೊತ್ತಾಗಿದ್ದು ಆ ಒಂದು ಬೆರಳಿಂದ. ಒಂದು ಮಾತು ಬರೋ ಅಷ್ಟೊತ್ತಿಗೆ ಅನ್ನ ಬೆಂದಿರೋದು. ನಾನು ಕಾದಿರ್ತಿದ್ದೆ. ಆಸ್ಪತ್ರೇಲಿ ಇದ್ದಿದ್ರೆ ಗಾಜಿನ ಆಚೆ ನಿಂತು ನೋಡ್ಬೇಕಿತ್ತು."

ಬುಟ್ಟಿಯಿಂದ ಮನೆಯ ಮಾವಿನ ಉಪ್ಪಿನಕಾಯಿ ತೆಗೆದು ಮೇಜಿನ ಮೇಲಿಟ್ಟರು. ಬಂದ ಇನ್ನೊಂದು ಕಾರಣವನ್ನು ಆಮೇಲೆ ಹೇಳಿದರು. ಅದೇ ಡಾಕ್ಟರು ಕಳಿಸಿದ್ದರು. ಗೌರಿಬಿದನೂರಿನಲ್ಲಿ ಒಬ್ಬ ಹೆಂಗಸಿಗೆ ಇದೇ ಕಾಯಿಲೆ. ಹಿಂದೂಪುರದ ಕಡೆಯಿಂದ ಬಂದ ಸೊಸೆ, ಮಕ್ಕಳಿನ್ನೂ ಚಿಕ್ಕವು. ಕಂಪ್ಯೂಟರನ್ನು ಅವರಿಗೆ ಕೊಡಬಹುದೇ ಎಂದು ಕೇಳಿದ್ದರಂತೆ. ಆದರೆ ಆಕೆಗೆ ಓದಲು ಬರುವುದು ತೆಲುಗು ಮಾತ್ರ.

"ನಂಗೆ ತೆಲುಗು ಓದಕ್ಕೆ ಬರಲ್ಲ ಲಲಿತಮ್ಮ" ಎಂದೆ. "ಆದ್ರೆ ಕನ್ನಡ ತೆಲುಗು ಅಕ್ಷರ ಎಲ್ಲಾ ಒಂದೇ ಥರ ಅಲ್ವಾ, ಇದನ್ನೇ ಸ್ವಲ್ಪ ತಿದ್ದಿದ್ರೆ ಸಾಕೇನೋ."

"ಅದೆಂಗೆ ಸಾಕಾಗುತ್ತೆ? ನಾನು ತೆಲುಗು ಸ್ಕೂಲಲ್ಲಿ ಓದ್ದೋಳು. ಕೊಡಿ ಇಲ್ಲಿ."

ಚೌಕಳಿ ಹಾಳೆ ಮುಂದಿಟ್ಟೆ. ನನ್ನ ‘ಕ’ವನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. ತಲೆಯ ಮೇಲಿನ ಅಡ್ಡಗೆರೆ ತೆಲುಗಿನದಲ್ಲ, ಅಲ್ಲಿ ಮೇಲಕ್ಕೆ ಚಿಮ್ಮಿದ ಗೀಟು ಬರಬೇಕು, ಅದಕ್ಕೆ ತಲಕಟ್ಟು ಎನ್ನುತ್ತಾರೆ ಎಂದು ಹೇಳಿಕೊಟ್ಟರು. ನಾನು ಅಳಿಸಿ ಹಾಕಿದೆ. ತೀರ ನೆಟ್ಟಗಾಯಿತು, ಸ್ವಲ್ಪ ವಾಲಬೇಕು ಎಂದರು. ಮತ್ತೆ ಅಳಿಸಿ, ಒಂದು ಚುಕ್ಕಿ ಬಲಕ್ಕೆ ಸರಿಸಿದೆ. ಮಧ್ಯಾಹ್ನದ ಬಸ್ಸಿಗೆ ಹೋಗುತ್ತೇನೆಂದಿದ್ದವರು ಬಸ್ಸಿನ ಮಾತೆತ್ತಲಿಲ್ಲ. ನಾನು ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಹಿಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಹಾಂ, ಈಗ ಸರಿಯಾಯ್ತು" ಎಂದರು. "ಮುಂದಿಂದು ಹಾಕು."